ಕಾಂಡೋ ಟ್ರಸ್ಟಿಯ ಹೊಣೆ: ಕಾನೂನು ಮನ್ನಿಸುವ ತಪ್ಪು, ಮನ್ನಿಸದ ಮೌನ

ಕಾಂಡೋಮಿನಿಯಂ ಅಥವಾ ಕಾಂಡೋ ಎಂದರೆ ಒಳಗಿನ ಮನೆಗಳು ಒಬ್ಬೊಬ್ಬರ ಸ್ವಂತ, ಉಳಿದ ಭಾಗಗಳು ಎಲ್ಲರಿಗೂ ಸೇರಿದ ಕಟ್ಟಡ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅದರ ಮಾಲೀಕರ ಸಂಘವೆಂದರೆ ಲಾಭರಹಿತ ನಿಗಮ, ಅದನ್ನು ನಡೆಸುವವರು ನಿರ್ದೇಶಕರು. ಮ್ಯಾಸಚೂಸೆಟ್ಸ್‌ನಲ್ಲಿ ಮಾತ್ರ ಹಳೆಯ ಪದ್ಧತಿಯಂತೆ ಹೆಚ್ಚಿನ ಸಂಘಗಳು ಟ್ರಸ್ಟ್ ರೂಪದಲ್ಲಿವೆ. ಕಟ್ಟಡ ಕಟ್ಟಿಸಿದ ಡೆವಲಪರ್ ಮಾಸ್ಟರ್ ಡೀಡ್ (ಕಟ್ಟಡವನ್ನು ಕಾಂಡೋ ಎಂದು ಘೋಷಿಸುವ ಮೂಲ ಪತ್ರ) ಜೊತೆಯಲ್ಲಿಯೇ ಟ್ರಸ್ಟ್ ಘೋಷಣಾ ಪತ್ರವನ್ನೂ ಆಸ್ತಿ ದಾಖಲೆಗಳ ಕಚೇರಿಯಾದ ರಿಜಿಸ್ಟ್ರಿ ಆಫ್ ಡೀಡ್ಸ್‌ನಲ್ಲಿ ನೋಂದಾಯಿಸುತ್ತಾನೆ. ಮುಂದೆ ಮನೆ ಕೊಂಡವರೆಲ್ಲ ತಮ್ಮ ತಮ್ಮ ಪಾಲಿನ ಶೇಕಡಾವಾರು ಪ್ರಮಾಣದಲ್ಲಿ ಆ ಟ್ರಸ್ಟಿನ ಫಲಾನುಭವಿಗಳಾಗುತ್ತಾರೆ, ಮತ್ತು ಅವರೊಳಗಿಂದ ಆರಿಸಿ ಬಂದ ನಾಲ್ಕೈದು ಜನ ಟ್ರಸ್ಟಿಗಳಾಗಿ ಛಾವಣಿ, ಲಿಫ್ಟು, ಬಾಯ್ಲರು, ಪಾರ್ಕಿಂಗ್ ಜಾಗ, ಬ್ಯಾಂಕ್ ಖಾತೆ ಇವೆಲ್ಲಕ್ಕೂ ಉತ್ತರದಾಯಿಗಳಾಗುತ್ತಾರೆ. ಈ ವ್ಯವಸ್ಥೆಗೆ ಬುಡ 1963ರ ರಾಜ್ಯ ಕಾನೂನು. ಎಲ್ಲರೂ ಅದನ್ನು ಅಧ್ಯಾಯ 183ಎ ಎಂದೇ ಕರೆಯುತ್ತಾರೆ.

ಬಾಸ್ಟನ್ ಸುತ್ತಮುತ್ತ ಕಾಂಡೋ ಕೊಂಡಿರುವ ಕನ್ನಡಿಗರು ಬಹಳ ಜನ ಇದ್ದಾರೆ, ಮತ್ತು ಅವರಲ್ಲಿ ಎಷ್ಟೋ ಮಂದಿ ವಾರ್ಷಿಕ ಸಭೆಯಲ್ಲಿ ಬೇರೆ ಯಾರೂ ಕೈ ಎತ್ತದ ಕಾರಣಕ್ಕೆ ಟ್ರಸ್ಟಿಗಳಾಗಿ ಬಿಡುತ್ತಾರೆ. ನಾನೂ ಅಂಥವನೇ. ವಕೀಲನಲ್ಲ, ಆದರೆ ಈ ಕುರ್ಚಿಯಲ್ಲಿ ಕುಳಿತ ಮೇಲೆ ಓದಲೇಬೇಕಾದದ್ದನ್ನು ಓದಿದ್ದೇನೆ, ಕೇಳಬೇಕಾದವರನ್ನು ಕೇಳಿದ್ದೇನೆ. ಹೊಸದಾಗಿ ಟ್ರಸ್ಟಿಗಳಾದವರು ನನ್ನ ಬಳಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ನಾವು ತಪ್ಪು ನಿರ್ಧಾರ ತೆಗೆದುಕೊಂಡರೆ ನಮ್ಮ ಮನೆಮಠ ಹೋಗುತ್ತದೆಯೇ?’ ಭಯ ಸಹಜವಾದದ್ದೇ, ಆದರೆ ಅದು ಹುಟ್ಟಬೇಕಾದ ಜಾಗದಲ್ಲಿ ಹುಟ್ಟಿಲ್ಲ. ವಿಚಾರಿಸಿ, ಕೇಳಿ, ಪ್ರಾಮಾಣಿಕವಾಗಿ ಕೈಗೊಂಡ ನಿರ್ಧಾರ ಮುಂದೆ ತಪ್ಪೆಂದು ತೋರಿದರೂ ಇಲ್ಲಿನ ನ್ಯಾಯಾಲಯಗಳು ಅದನ್ನು ಬಹುಮಟ್ಟಿಗೆ ಮನ್ನಿಸುತ್ತವೆ. ಅವು ಮನ್ನಿಸಲು ಒಪ್ಪದಿರುವುದು ಏನನ್ನೂ ವಿಚಾರಿಸದೆ ಸುಮ್ಮನೆ ಕುಳಿತದ್ದನ್ನು, ಮತ್ತು ತನ್ನ ಲಾಭವನ್ನು ಮುಚ್ಚಿಟ್ಟುಕೊಂಡು ಮತ ಹಾಕಿದ್ದನ್ನು.

ಬೇರೆಯವರ ಆಸ್ತಿಯನ್ನು ನಂಬಿಕೆಯ ಮೇಲೆ ನೋಡಿಕೊಳ್ಳುವವರಿಗೆ ಕಾನೂನು ಹೊರಿಸುವ ವಿಶ್ವಾಸದ ಹೊಣೆ ಎಂಬುದರಲ್ಲಿ ಮುಖ್ಯವಾಗಿ ಎರಡು ಕರ್ತವ್ಯಗಳು ಸೇರಿವೆ. ಮೊದಲನೆಯದು ಎಚ್ಚರಿಕೆಯ ಕರ್ತವ್ಯ: ಅಂಥದೇ ಸ್ಥಾನದಲ್ಲಿ ಸಾಮಾನ್ಯ ವಿವೇಕದ ಮನುಷ್ಯನೊಬ್ಬ ತೋರುವಷ್ಟು ಎಚ್ಚರವನ್ನು ತೋರುವುದು. ಎರಡನೆಯದು ನಿಷ್ಠೆಯ ಕರ್ತವ್ಯ: ಸಂಘದ ಹಿತವನ್ನು ಸ್ವಂತ ಹಿತಕ್ಕಿಂತ ಮುಂದಿಡುವುದು. ಇವುಗಳ ಜೊತೆಗೆ ಮಾಸ್ಟರ್ ಡೀಡ್ ಮತ್ತು ಟ್ರಸ್ಟ್ ಪತ್ರ ಕೊಟ್ಟಿರುವ ಅಧಿಕಾರದ ಗೆರೆ ದಾಟಬಾರದು ಎಂಬ ಮಿತಿಯೂ ಇದೆ. ಇಲ್ಲಿ ಹಲವರು ಗಮನಿಸದ ಸೂಕ್ಷ್ಮವೊಂದಿದೆ. ಟ್ರಸ್ಟಿಯ ಹೊಣೆ ಇರುವುದು ಒಟ್ಟು ಸಂಘಕ್ಕೆ. ಮೂರನೆಯ ಮಹಡಿಯ ಮಾಲೀಕರು ಕೇಳಿದ್ದನ್ನೆಲ್ಲ ಮಾಡಿಕೊಡುವ ಹೊಣೆ ಅದಲ್ಲ. ಒಬ್ಬರಿಗೆ ‘ಇಲ್ಲ’ ಎಂದ ಮಾತ್ರಕ್ಕೆ ಕರ್ತವ್ಯಭಂಗವಾಗುವುದಿಲ್ಲ. ಎಷ್ಟೋ ಸಲ ಹಾಗೆ ಅನ್ನುವುದೇ ಕರ್ತವ್ಯವಾಗಿರುತ್ತದೆ.

ನ್ಯಾಯಾಲಯಗಳು ಎಷ್ಟು ಉದಾರವಾಗಿವೆ ಎಂಬುದಕ್ಕೆ ಎರಡು ತೀರ್ಪುಗಳನ್ನು ಇಲ್ಲಿನ ವಕೀಲರು ಪದೇ ಪದೇ ಹೇಳುತ್ತಾರೆ. ಒಂದು 1990ರಲ್ಲಿ ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ ಕೊಟ್ಟ ಲೆವಾಂಡಸ್ಕಿ ಪ್ರಕರಣದ ತೀರ್ಪು. ಮ್ಯಾನ್‌ಹಟನ್‌ನ ಕಟ್ಟಡವೊಂದರ ನಿವಾಸಿ ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸುವಾಗ ಹಬೆಯ ಕೊಳವೆಯನ್ನು ಪಕ್ಕಕ್ಕೆ ಸರಿಸಲು ಹೊರಟರು, ಕಟ್ಟಡವನ್ನು ನಡೆಸುವ ಬೋರ್ಡ್ ಬೇಡವೆಂದಿತು. ಅದು ಕಾಂಡೋ ಅಲ್ಲ, ಕೋ-ಆಪ್, ಅಂದರೆ ಕಟ್ಟಡವೆಲ್ಲ ಒಂದು ಕಂಪನಿಯದಾಗಿ ನಿವಾಸಿಗಳು ಅದರ ಷೇರುದಾರರಾಗಿರುವ ವ್ಯವಸ್ಥೆ. ಆದರೆ ಬೋರ್ಡ್ ತನ್ನ ಅಧಿಕಾರದೊಳಗೆ, ಸದ್ಭಾವನೆಯಿಂದ, ಸಮುದಾಯದ ಹಿತಕ್ಕಾಗಿ ನಡೆದುಕೊಂಡಿದ್ದರೆ ನ್ಯಾಯಾಧೀಶರು ಆ ಕುರ್ಚಿಯಲ್ಲಿ ತಾವು ಕುಳಿತು ಎರಡನೆಯ ಸಲ ತೀರ್ಮಾನಿಸುವುದಿಲ್ಲ ಎಂದು ಅಲ್ಲಿ ಹೇಳಿದ ಮಾತು ಕಾಂಡೋಗಳಿಗೂ ಅನ್ವಯವಾಯಿತು. ಕಂಪನಿಗಳ ನಿರ್ದೇಶಕರನ್ನು ಕಾಯುವ ‘ಬಿಸಿನೆಸ್ ಜಡ್ಜ್‌ಮೆಂಟ್ ರೂಲ್’ ಎಂಬ ಸೂತ್ರದ ವಿಸ್ತರಣೆ ಇದು.

ಎರಡನೆಯದು 1999ರ ಕ್ಯಾಲಿಫೋರ್ನಿಯಾದ ಲ್ಯಾಮ್‌ಡೆನ್ ಪ್ರಕರಣ, ಮತ್ತು ನನಗೆ ಹೆಚ್ಚು ಪ್ರಿಯವಾದದ್ದು ಇದೇ, ಏಕೆಂದರೆ ಇದರ ಕೇಂದ್ರದಲ್ಲಿರುವುದು ಗೆದ್ದಲು. ಲಾ ಹೋಯಾ ಶೋರ್ಸ್ ಎಂಬಲ್ಲಿನ ಕಾಂಡೋ ಸಂಕೀರ್ಣಕ್ಕೆ ಗೆದ್ದಲು ಹಿಡಿದಿತ್ತು. ಇಡೀ ಕಟ್ಟಡಕ್ಕೆ ಹೊಗೆ ಹಾಕಿಸಬೇಕೆಂದು ಒಬ್ಬ ಮಾಲೀಕರ ಆಗ್ರಹ; ಗೆದ್ದಲು ಕಂಡ ಕಡೆ ಮಾತ್ರ ಔಷಧ ಹೊಡೆಸಿದರೆ ಸಾಕೆಂದು ಬೋರ್ಡಿನ ತೀರ್ಮಾನ. ಹೊಗೆ ಹಾಕಿಸಿದರೆ ಆಗುವ ಖರ್ಚು, ನಿವಾಸಿಗಳನ್ನು ಬೇರೆಡೆಗೆ ಸಾಗಿಸುವ ಕಷ್ಟ, ರಾಸಾಯನಿಕದಿಂದ ಆರೋಗ್ಯಕ್ಕೆ ಆಗಬಹುದಾದ ತೊಂದರೆ ಇವನ್ನೆಲ್ಲ ಬೋರ್ಡ್ ತೂಗಿ ನೋಡಿತ್ತು. ತಜ್ಞರ ಕಣ್ಣಿಗೆ ಹೊಗೆಯೇ ಮೇಲು ಎನಿಸಿರಬಹುದಾದರೂ, ಸಮಂಜಸವಾದ ವಿಚಾರಣೆ ನಡೆಸಿ, ಸದ್ಭಾವನೆಯಿಂದ, ಸಮುದಾಯದ ಹಿತವನ್ನು ಗಮನಿಸಿ ಎರಡರಲ್ಲಿ ಒಂದನ್ನು ಆರಿಸಿಕೊಂಡ ಬೋರ್ಡಿನ ವಿವೇಚನೆಗೆ ನ್ಯಾಯಾಲಯ ತಲೆಬಾಗಬೇಕು ಎಂದಿತು ರಾಜ್ಯದ ಸುಪ್ರೀಂ ಕೋರ್ಟ್. ಈ ವಾಕ್ಯದಲ್ಲಿ ಎಲ್ಲರೂ ಕೊನೆಯ ಭಾಗವನ್ನು ನೆನಪಿಟ್ಟುಕೊಳ್ಳುತ್ತಾರೆ. ಭಾರವೆಲ್ಲ ಇರುವುದು ಮೊದಲ ಭಾಗದಲ್ಲಿ. ವಿಚಾರಣೆ ನಡೆದಿರಬೇಕು.

ಈ ಉದಾರತೆಗೆ ಎಲ್ಲೆ ಇದೆ ಎಂಬುದನ್ನು ಅದೇ ಕ್ಯಾಲಿಫೋರ್ನಿಯಾ 1986ರಲ್ಲಿಯೇ ತೋರಿಸಿತ್ತು. ಲಾಸ್ ಏಂಜಲೀಸ್‌ನ ವಿಲೇಜ್ ಗ್ರೀನ್ ಎಂಬ ಸಂಕೀರ್ಣದಲ್ಲಿ ಕಳ್ಳತನಗಳು ಹೆಚ್ಚಿದ್ದವು. ಮನೆಗೆ ಕಳ್ಳರು ನುಗ್ಗಿದ್ದ ಅನುಭವದ ನಂತರ ಒಬ್ಬ ಮಹಿಳೆ, ಸಂಘ ದೀಪಗಳನ್ನು ಹಾಕಿಸದೆ ಇದ್ದಾಗ ತಾನೇ ಹೊರಗಡೆ ದೀಪ ಹಾಕಿಸಿಕೊಂಡರು. ಅನುಮತಿಯಿಲ್ಲದೆ ಹಾಕಿದ್ದೆಂದು ಬೋರ್ಡ್ ಅವನ್ನು ತೆಗೆಯಲು ಹೇಳಿತು. ಹೊರಗಿನ ಉಳಿದ ದೀಪಗಳೂ ಅದೇ ಸರ್ಕ್ಯೂಟಿನಲ್ಲಿದ್ದುದರಿಂದ ಎಲ್ಲವೂ ಆರಿಹೋದವು; ಆ ರಾತ್ರಿಯೇ ಅವರ ಮೇಲೆ ದಾಳಿಯಾಯಿತು. ಅಪಾಯ ಗೊತ್ತಿದ್ದೂ ಏನೂ ಮಾಡದ ನಿರ್ದೇಶಕರು ವೈಯಕ್ತಿಕವಾಗಿ ನಿರ್ಲಕ್ಷ್ಯದ ಹೊಣೆ ಹೊರಬೇಕಾಗಬಹುದು, ತಾವು ಸಂಘದ ಪರವಾಗಿ ನಡೆದುಕೊಂಡೆವೆಂಬುದಷ್ಟೇ ಅವರನ್ನು ಪಾರುಮಾಡುವುದಿಲ್ಲ ಎಂದು ನ್ಯಾಯಾಲಯ ಮೊಕದ್ದಮೆ ಮುಂದುವರಿಯಲು ಬಿಟ್ಟಿತು. ಗೆದ್ದಲಿನ ಪ್ರಕರಣದಲ್ಲಿ ಪಣಕ್ಕಿದ್ದುದು ಕಟ್ಟಡದ ಮರ, ಇಲ್ಲಿ ಒಬ್ಬ ಮಹಿಳೆಯ ದೇಹ. ನಿಯಮ ಜಾರಿ ಮಾಡುವ ಹುರುಪಿನಲ್ಲಿ ಬೋರ್ಡುಗಳು ಮರೆಯುವುದು ಸಾಮಾನ್ಯವಾಗಿ ಈ ವ್ಯತ್ಯಾಸವನ್ನು.

ವಿಚಾರಣೆ ನಡೆದಿತ್ತು ಎಂಬುದಕ್ಕೆ ಸಾಕ್ಷಿ ಏನು? ನಡಾವಳಿ ಪುಸ್ತಕ. ಛಾವಣಿಯ ಹೊದಿಕೆ ಬದಲಿಸುವ ವಿಷಯದಲ್ಲಿ ಒಂದು ಸಂಘ ‘ಛಾವಣಿ ದುರಸ್ತಿ ಬಗ್ಗೆ ಚರ್ಚಿಸಲಾಯಿತು, ಮುಂದಿನ ಸಭೆಗೆ ಮುಂದೂಡಲಾಯಿತು’ ಎಂದು ಬರೆಯುತ್ತದೆ. ಇನ್ನೊಂದು ಸಂಘ ಹೀಗೆ ಬರೆಯುತ್ತದೆ: ‘ಎಂಜಿನಿಯರ್ ವರದಿಯನ್ನು ಸಭೆಗೆ ಮೊದಲೇ ಎಲ್ಲ ಟ್ರಸ್ಟಿಗಳಿಗೂ ಕಳಿಸಲಾಗಿತ್ತು, ಮೂರು ಗುತ್ತಿಗೆದಾರರ ದರಪಟ್ಟಿಗಳನ್ನು ಹೋಲಿಸಲಾಯಿತು, ಅತಿ ಕಡಿಮೆ ದರದಲ್ಲಿ ಒಳಗಿನ ನಿರೋಧಕ ಪದರದ ಬದಲಾವಣೆ ಸೇರಿಲ್ಲದ ಕಾರಣ ಎರಡನೆಯದನ್ನು ಒಪ್ಪಲಾಯಿತು, ಒಬ್ಬ ಟ್ರಸ್ಟಿ ಭಿನ್ನಾಭಿಪ್ರಾಯ ದಾಖಲಿಸಿದರು.’ ಎರಡೂ ಸಭೆಗಳಲ್ಲಿ ನಡೆದ ಮಾತು ಒಂದೇ ಆಗಿರಬಹುದು. ಐದು ವರ್ಷದ ನಂತರ ಐದನೆಯ ಮಹಡಿಗೆ ನೀರು ಇಳಿದು ಮಾಲೀಕರು ಮೊಕದ್ದಮೆ ಹೂಡಿದಾಗ, ಮೊದಲನೆಯ ಸಂಘದ ವಕೀಲರ ಕೈಯಲ್ಲಿ ಏನೂ ಇರುವುದಿಲ್ಲ. ಯಾರು ಯಾರ ಮೇಲೆ ಕೂಗಾಡಿದರೆಂಬ ವರದಿ ನಡಾವಳಿಯಲ್ಲಿ ಬೇಕಿಲ್ಲ, ಅದನ್ನು ಬರೆಯುವ ಕಾರ್ಯದರ್ಶಿಗಳೂ ಇದ್ದಾರೆ. ಏನನ್ನು ಓದಿದೆವು, ಯಾರನ್ನು ಕೇಳಿದೆವು, ಏಕೆ ಇದನ್ನೇ ಆರಿಸಿದೆವು ಎಂಬುದು ಬೇಕು. ನಡಾವಳಿ ಮತ್ತು ಲೆಕ್ಕಪತ್ರಗಳನ್ನು ಇಟ್ಟು ಮಾಲೀಕರು ಕೇಳಿದಾಗ ತೋರಿಸಬೇಕೆಂಬುದು 183ಎ ಅಧ್ಯಾಯದ ಆದೇಶವೂ ಹೌದು.

ನಿಷ್ಠೆಯ ಕರ್ತವ್ಯದ ವಿಷಯಕ್ಕೆ ಬಂದರೆ ನ್ಯಾಯಾಲಯಗಳ ದನಿ ತಟ್ಟನೆ ಬಿರುಸಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವ ದೊಡ್ಡ ಪ್ರಕರಣಗಳು ಪತ್ರಿಕೆಗೆ ಬರುತ್ತವೆ, ಆದರೆ ದಿನನಿತ್ಯದ ಸಂಘರ್ಷಗಳು ಬಹಳ ಸಣ್ಣವು. ಟ್ರಸ್ಟಿಯ ಭಾವಮೈದುನನ ಕಂಪನಿ ಹಿಮ ತೆಗೆಯುವ ಗುತ್ತಿಗೆ ಕೇಳುತ್ತದೆ. ಟ್ರಸ್ಟಿಯೊಬ್ಬರ ಬಾಲ್ಕನಿಯ ದುರಸ್ತಿ ಸರದಿ ತಪ್ಪಿಸಿ ಮೊದಲು ನಡೆಯುತ್ತದೆ. ಮ್ಯಾನೇಜ್‌ಮೆಂಟ್ ಕಂಪನಿಯವರು ಟ್ರಸ್ಟಿಯ ಮನೆಯ ನಲ್ಲಿಯನ್ನು ‘ಹೇಗಿದ್ದರೂ ಬಂದಿದ್ದೇವಲ್ಲ’ ಎಂದು ಪುಕ್ಕಟೆ ರಿಪೇರಿ ಮಾಡಿಕೊಡುತ್ತಾರೆ. ಭಾವಮೈದುನನ ದರ ನಿಜಕ್ಕೂ ಎಲ್ಲಕ್ಕಿಂತ ಕಡಿಮೆಯಿರಬಹುದು, ಆ ಗುತ್ತಿಗೆ ಕೊಡುವುದು ತಪ್ಪೂ ಆಗಬೇಕಿಲ್ಲ. ಸಂಬಂಧವನ್ನು ಮೊದಲೇ ಬಹಿರಂಗಪಡಿಸಿ, ಚರ್ಚೆ ನಡೆಯುವಾಗ ಕೊಠಡಿಯಿಂದ ಹೊರಗೆ ಹೋಗಿ, ಮತ ಹಾಕದೆ, ಇಷ್ಟೂ ನಡಾವಳಿಯಲ್ಲಿ ಬಂದಿರುವಂತೆ ನೋಡಿಕೊಂಡರೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಮುಚ್ಚಿಟ್ಟರೆ ಬಿಸಿನೆಸ್ ಜಡ್ಜ್‌ಮೆಂಟ್ ಸೂತ್ರದ ರಕ್ಷಣೆ ಕಳಚಿಬೀಳುತ್ತದೆ, ಆಮೇಲೆ ಆ ವ್ಯವಹಾರ ನ್ಯಾಯವಾಗಿತ್ತೆಂದು ತೋರಿಸಬೇಕಾದ ಭಾರ ಟ್ರಸ್ಟಿಯ ತಲೆಯ ಮೇಲೆಯೇ ಬರುವ ಸಂಭವ ಹೆಚ್ಚು.

ಅತಿ ದೊಡ್ಡ ಹಿತಸಂಘರ್ಷ ಹುಟ್ಟುವುದು ಸಂಘದ ಮೊದಲ ವರ್ಷಗಳಲ್ಲಿ, ಡೆವಲಪರ್ ತಾನೇ ನೇಮಿಸಿದ ಟ್ರಸ್ಟಿಗಳ ಕೈಯಲ್ಲಿ ಕಟ್ಟಡ ಇರುವಾಗ. ಕಟ್ಟಡದ ದೋಷಕ್ಕಾಗಿ ಡೆವಲಪರ್ ಮೇಲೆ ದಾವೆ ಹೂಡಬೇಕಾದವರು ಅವನ ಜನರೇ ಆಗಿರುತ್ತಾರೆ. ಮಾಲೀಕರು ಬೋರ್ಡನ್ನು ವಹಿಸಿಕೊಂಡ ಮೇಲೂ ಕಟ್ಟಿಹಾಕುವ ಷರತ್ತುಗಳು ದಾಖಲೆಗಳಲ್ಲಿ ಅಡಗಿರಬಹುದು. ಕೇಂಬ್ರಿಜ್ ಪಾಯಿಂಟ್ ಕಾಂಡೋಮಿನಿಯಂನ ಟ್ರಸ್ಟ್ ದಾಖಲೆಯಲ್ಲಿ, ಶೇಕಡಾ 80ರಷ್ಟು ಮಾಲೀಕರ ಒಪ್ಪಿಗೆಯಿಲ್ಲದೆ ಟ್ರಸ್ಟಿಗಳು ಇಂಥ ಮೊಕದ್ದಮೆ ಹೂಡುವಂತಿಲ್ಲ ಎಂದು ಬರೆದಿತ್ತು. ಅಂಥ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಮ್ಯಾಸಚೂಸೆಟ್ಸ್‌ನ ಅತ್ಯುನ್ನತ ನ್ಯಾಯಾಲಯವಾದ ಸುಪ್ರೀಂ ಜುಡಿಶಿಯಲ್ ಕೋರ್ಟ್ 2018ರಲ್ಲಿ ಅದನ್ನು ಅಸಿಂಧುಗೊಳಿಸಿತು. ಆದರೆ ಗಡಿಯಾರ ನಿಲ್ಲುವುದಿಲ್ಲ. ದೋಷ ತಿಳಿದುಬಂದ ಮೂರು ವರ್ಷದೊಳಗೆ, ಮತ್ತು ಯಾವ ಸಂದರ್ಭದಲ್ಲೂ ಕಟ್ಟಡ ಮುಗಿದ ಆರು ವರ್ಷದೊಳಗೆ ದಾವೆ ಹೂಡದಿದ್ದರೆ ನಿರ್ಲಕ್ಷ್ಯದ ಹಕ್ಕುಸಾಧನೆ ಮುಚ್ಚಿಹೋಗುತ್ತದೆ. ಹಲವು ಕಟ್ಟಡಗಳಿರುವ ಸಂಕೀರ್ಣದಲ್ಲಿ ಈ ಆರು ವರ್ಷವನ್ನು ಒಂದೊಂದು ಕಟ್ಟಡಕ್ಕೂ ಪ್ರತ್ಯೇಕವಾಗಿ ಎಣಿಸಬೇಕೆಂದು ಹಿಂಗಮ್‌ನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ 2020ರಲ್ಲಿ ಹೇಳಿದೆ. ಹೊಸ ಬೋರ್ಡ್ ವಹಿಸಿಕೊಂಡ ಕೂಡಲೇ ಎಂಜಿನಿಯರ್ ಒಬ್ಬರಿಂದ ಕಟ್ಟಡವನ್ನು ಪರೀಕ್ಷೆ ಮಾಡಿಸದೆ ಇರುವುದು ಎಚ್ಚರಿಕೆಯ ಕರ್ತವ್ಯವನ್ನು ಮುರಿಯುವ ಅತ್ಯಂತ ಸದ್ದಿಲ್ಲದ ದಾರಿ.

ಇನ್ನು ಮೀಸಲು ನಿಧಿ, ಅಂದರೆ ಮುಂದಿನ ದೊಡ್ಡ ದುರಸ್ತಿಗಳಿಗೆಂದು ಕೂಡಿಡುವ ಹಣ. ಟ್ರಸ್ಟಿಗಳ ಹೊಣೆಯ ಬಗ್ಗೆ ನನ್ನನ್ನು ಒಂದೇ ವಿಷಯ ಹೇಳಲು ಬಿಟ್ಟರೆ ಇದನ್ನು ಹೇಳುತ್ತೇನೆ. ಮಾಸಿಕ ಶುಲ್ಕ ಏರಿಸುವುದೆಂದರೆ ಎಲ್ಲ ಟ್ರಸ್ಟಿಗಳಿಗೂ ನುಂಗಲಾರದ ತುತ್ತು, ಏಕೆಂದರೆ ಮಾರನೆಯ ದಿನ ಲಿಫ್ಟಿನಲ್ಲಿ ಸಿಗುವುದು ಅದೇ ನೆರೆಹೊರೆಯವರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಈ ವರ್ಷದ ಬಜೆಟ್ಟನ್ನು ಹಾಗೇ ದಾಟಿಸಿಬಿಡುತ್ತಾರೆ. ಮ್ಯಾಸಚೂಸೆಟ್ಸ್ ಕಾನೂನು ‘ಸಾಕಷ್ಟು’ ಮೀಸಲು ನಿಧಿಯನ್ನು ಸಾಮಾನ್ಯ ಶುಲ್ಕದ ಭಾಗವಾಗಿಯೇ ಸಂಗ್ರಹಿಸಿ, ದೈನಂದಿನ ಖರ್ಚಿನ ಹಣದಿಂದ ಬೇರೆಯಾದ ಖಾತೆಯಲ್ಲಿ ಇಡಬೇಕೆಂದು ವಿಧಿಸುತ್ತದೆ. ಎಷ್ಟಿದ್ದರೆ ಸಾಕಷ್ಟು ಎಂಬ ಅಂಕಿ ಅದರಲ್ಲಿಲ್ಲ, ಮತ್ತು ಅಂಕಿ ಇಲ್ಲದಿರುವುದು ಟ್ರಸ್ಟಿಗಳಿಗೆ ಸಿಕ್ಕ ಸಲುಗೆಯಲ್ಲ. ಛಾವಣಿಗೆ ಇನ್ನೆಷ್ಟು ವರ್ಷ ಆಯಸ್ಸಿದೆ, ಲಿಫ್ಟು ಬದಲಿಸಲು ಎಷ್ಟು ಬೇಕು ಎಂದು ಲೆಕ್ಕ ಹಾಕಿಕೊಡುವ ತಜ್ಞರಿಂದ ಮೀಸಲು ಅಧ್ಯಯನ ಮಾಡಿಸಿದ ಬೋರ್ಡ್ ತನ್ನ ಅಂಕಿಯನ್ನು ಸಮರ್ಥಿಸಿಕೊಳ್ಳಬಹುದು. ಹೋದ ವರ್ಷದ ಅಂಕಿಯನ್ನೇ ನಕಲು ಮಾಡಿದ ಬೋರ್ಡಿಗೆ ಹೇಳಲು ಏನೂ ಇರುವುದಿಲ್ಲ.

ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರ ನಸುಕಿನಲ್ಲಿ ಶಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಯ ಕಾಂಡೋ ಕಟ್ಟಡ ಕುಸಿದು 98 ಜನ ಸತ್ತರು. ಈಜುಕೊಳದ ಸುತ್ತಲಿನ ಕಟ್ಟೆಯಡಿಯ ನೀರುನಿರೋಧಕ ಪದರ ವಿಫಲವಾಗಿ ಕಾಂಕ್ರೀಟ್ ಹಲಗೆಗೆ ದೊಡ್ಡ ಹಾನಿಯಾಗಿದೆ ಎಂದು ಎಂಜಿನಿಯರ್ ಒಬ್ಬರು 2018ರಲ್ಲಿಯೇ ಬರೆದುಕೊಟ್ಟಿದ್ದರು. ಆಮೇಲಿನ ವರ್ಷಗಳು ಖರ್ಚಿನ ಜಗಳದಲ್ಲಿ, ಬೋರ್ಡ್ ಸದಸ್ಯರ ರಾಜೀನಾಮೆಗಳಲ್ಲಿ ಕಳೆದವು; ಸುಮಾರು 1.5 ಕೋಟಿ ಡಾಲರುಗಳ ವಿಶೇಷ ವಂತಿಗೆಗೆ ಒಪ್ಪಿಗೆ ಸಿಕ್ಕಿದ್ದು 2021ರ ವಸಂತದಲ್ಲಿ. ಈ ಕಟ್ಟಡ ಬಿದ್ದದ್ದಕ್ಕೆ ಬೋರ್ಡೇ ಕಾರಣವೆಂದು ಹೇಳುವುದು ಅನ್ಯಾಯ, ವಿನ್ಯಾಸದಲ್ಲಿಯೇ ಗಂಭೀರ ದೌರ್ಬಲ್ಯಗಳಿದ್ದವು, ಮತ್ತು ಶುಲ್ಕ ಏರಿಸಲು ಹೊರಟ ಟ್ರಸ್ಟಿಗಳನ್ನು ಬಯ್ದ ಮಾಲೀಕರ ಪಾಲೂ ಅದರಲ್ಲಿದೆ. ಆದರೆ ತಜ್ಞರ ಲಿಖಿತ ಎಚ್ಚರಿಕೆ ಕೈಗೆ ಬಂದ ದಿನದಿಂದ ಬೋರ್ಡಿನ ಸ್ಥಿತಿ ಬದಲಾಗುತ್ತದೆ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ಇನ್ನೊಂದಿಲ್ಲ. ಗೊತ್ತಿರಲಿಲ್ಲ ಎನ್ನುವ ಬಾಗಿಲು ಆ ದಿನ ಮುಚ್ಚುತ್ತದೆ. 2022ರಲ್ಲಿ ಆದ ಪರಿಹಾರ ಒಪ್ಪಂದಗಳ ಮೊತ್ತ ನೂರು ಕೋಟಿ ಡಾಲರ್ ದಾಟಿತು. ಅದೇ ವರ್ಷ ಫ್ಲಾರಿಡಾ, ಮೂರು ಮಹಡಿ ಅಥವಾ ಅದಕ್ಕಿಂತ ಎತ್ತರದ ಕಾಂಡೋಗಳಿಗೆ ಮೂವತ್ತು ವರ್ಷ ತುಂಬಿದಾಗ ರಚನಾ ತಪಾಸಣೆಯನ್ನು ಕಡ್ಡಾಯ ಮಾಡಿ, ಮೂಲ ರಚನೆಗೆ ಬೇಕಾದ ಮೀಸಲು ನಿಧಿಯನ್ನು ಮಾಲೀಕರು ಮತ ಹಾಕಿ ಮನ್ನಾ ಮಾಡಿಕೊಳ್ಳುತ್ತಿದ್ದ ಹಳೆಯ ರೂಢಿಗೆ ತಡೆ ಹಾಕಿತು. ಶುಲ್ಕಗಳು ಗಗನಕ್ಕೇರಿ ಮಾಲೀಕರು ತತ್ತರಿಸಿದ ಮೇಲೆ 2025ರಲ್ಲಿ ಸ್ವಲ್ಪ ಸಡಿಲಿಕೆಯನ್ನೂ ಕೊಟ್ಟಿತು.

ಟ್ರಸ್ಟಿಯ ಸಹಿಯ ಬಗ್ಗೆ ಒಂದು ಮಾತು. ಇಲ್ಲಿ ಕಾಂಡೋ ಮಾರುವಾಗಲೆಲ್ಲ ‘ಸಿಕ್ಸ್-ಡಿ ಸರ್ಟಿಫಿಕೇಟ್’ ಬೇಕು: ಈ ಮನೆಯಿಂದ ಸಂಘಕ್ಕೆ ಬರಬೇಕಾದ ಬಾಕಿ ಇಷ್ಟು ಎಂದು ಟ್ರಸ್ಟಿಗಳು ಬರೆದುಕೊಡುವ ಪತ್ರ. ಕೇಳಿದ ಹತ್ತು ಕೆಲಸದ ದಿನಗಳೊಳಗೆ ಕೊಡಬೇಕು. ಅದು ನೋಂದಣಿಯಾದ ಮೇಲೆ, ಅದರಲ್ಲಿ ಬರೆಯದೆ ಬಿಟ್ಟ ಬಾಕಿಗಾಗಿ ಆ ಮನೆಯ ಮೇಲೆ ಸಂಘಕ್ಕಿದ್ದ ಹಿಡಿತ ಹೋಗುತ್ತದೆ. ವಕೀಲರ ಕಚೇರಿಯಿಂದ ಬಂದ ಕಾಗದಕ್ಕೆ ಲೆಕ್ಕ ನೋಡದೆ ‘ಸೊನ್ನೆ’ ಎಂದು ಬರೆದು ಸಹಿ ಹಾಕಿದರೆ, ಕಳೆದುಹೋಗುವುದು ಎಲ್ಲರ ಹಣ. ಸಾಲ ಕೊಡುವ ಬ್ಯಾಂಕುಗಳು ಕಳಿಸುವ ಪ್ರಶ್ನಾವಳಿಯೂ ಹಾಗೆಯೇ. ಸರ್ಫ್‌ಸೈಡ್ ನಂತರ ಅದರಲ್ಲಿ ಬಾಕಿಯಿರುವ ರಚನಾ ದುರಸ್ತಿಗಳ ಬಗ್ಗೆ ನೇರವಾಗಿ ಕೇಳುತ್ತಾರೆ. ಮಾರಾಟ ಕೆಡದಿರಲಿ ಎಂಬ ಉಪಕಾರಬುದ್ಧಿಯಿಂದ ಅಲ್ಲಿ ಬರೆದ ಸುಳ್ಳು, ಬರೆದವನ ಸ್ವಂತ ಸುಳ್ಳೇ.

ಯಾವ ಟ್ರಸ್ಟ್ ಪತ್ರವೂ ಕಾಯದ ಒಂದು ಕ್ಷೇತ್ರ ತಾರತಮ್ಯ. ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ 1968ರ ಫೇರ್ ಹೌಸಿಂಗ್ ಕಾಯ್ದೆಗೆ 1988ರಲ್ಲಿ ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬಗಳನ್ನು ಸೇರಿಸಿದರು. ನಾಯಿ ಸಾಕುವಂತಿಲ್ಲ ಎಂಬ ನಿಯಮವನ್ನು ಹಿಡಿದುಕೊಂಡು ದೃಷ್ಟಿಹೀನರ ಮಾರ್ಗದರ್ಶಿ ನಾಯಿಗೂ ಇಲ್ಲವೆನ್ನುವ ಟ್ರಸ್ಟಿ, ಅಂಗಳದಲ್ಲಿ ಮಕ್ಕಳು ಆಡಬಾರದೆಂದು ಮಾತ್ರ ನಿಯಮ ಬರೆಯುವ ಟ್ರಸ್ಟಿ, ಇಬ್ಬರೂ ಹೆಸರು ಹಿಡಿದು ಪ್ರತಿವಾದಿಗಳಾಗಬಹುದು.

ಉಳಿದಂತೆ ರಕ್ಷಣೆಗಳು ಇವೆ. ಬಹುತೇಕ ಟ್ರಸ್ಟ್ ಪತ್ರಗಳಲ್ಲಿ ದುರುದ್ದೇಶ, ವಂಚನೆ ಇಲ್ಲದಿದ್ದರೆ ಟ್ರಸ್ಟಿಗಳು ವೈಯಕ್ತಿಕವಾಗಿ ಹೊಣೆಯಲ್ಲ, ಅವರ ಮೊಕದ್ದಮೆಯ ಖರ್ಚನ್ನು ಸಂಘವೇ ಭರಿಸುತ್ತದೆ ಎಂಬ ಕಲಮುಗಳಿರುತ್ತವೆ. ಸಂಬಳವಿಲ್ಲದ ಸ್ವಯಂಸೇವಕರಿಗೆ 1997ರ ಕೇಂದ್ರ ಕಾಯ್ದೆಯೊಂದು ಸೀಮಿತ ರಕ್ಷಣೆ ಕೊಡುತ್ತದೆ. ಕ್ಯಾಲಿಫೋರ್ನಿಯಾ ಇನ್ನೂ ನಿರ್ದಿಷ್ಟ: ನೂರು ಅಥವಾ ಅದಕ್ಕಿಂತ ಕಡಿಮೆ ಮನೆಗಳ ಸಂಘ ಕನಿಷ್ಠ 5 ಲಕ್ಷ ಡಾಲರಿನ, ಅದಕ್ಕಿಂತ ದೊಡ್ಡದು 10 ಲಕ್ಷ ಡಾಲರಿನ ವಿಮೆ ಇಟ್ಟಿದ್ದರೆ, ಸದ್ಭಾವನೆಯಿಂದ ನಡೆದ ಸ್ವಯಂಸೇವಕ ನಿರ್ದೇಶಕರು ವಿಮೆಯನ್ನು ಮೀರಿದ ಮೊತ್ತಕ್ಕೆ ಹೊಣೆಯಲ್ಲ. ವಿಮೆಯ ಪಾಲಿಸಿಯನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಕು. ನಿರ್ದೇಶಕರ ಹೊಣೆಯ ಪಾಲಿಸಿ ತಪ್ಪು ನಿರ್ಧಾರಗಳಿಗೆ ಮಾತ್ರ. ಮೆಟ್ಟಿಲಲ್ಲಿ ಜಾರಿ ಬಿದ್ದವರ ಗಾಯಕ್ಕೆ ಸಾಮಾನ್ಯ ಹೊಣೆಗಾರಿಕೆಯ ಪಾಲಿಸಿ ಬೇಕು, ಖಜಾಂಚಿ ಹಣ ಎತ್ತಿಕೊಂಡು ಹೋದರೆ ಅದಕ್ಕೆ ಬೇರೆಯದೇ ವಿಮೆ. ವಂಚನೆ ಸಾಬೀತಾದರೆ ವಂಚಕನ ರಕ್ಷಣೆಗೆ ಯಾವುದೂ ಬರುವುದಿಲ್ಲ.

ರಾಜೀನಾಮೆ ಕೊಟ್ಟರೆ ಎಲ್ಲ ಮುಗಿಯಿತೇ ಎಂದೂ ಕೇಳುತ್ತಾರೆ. ಅದು ಮುಂದಿನ ನಿರ್ಧಾರಗಳ ಹೊಣೆಯನ್ನು ಇಳಿಸುತ್ತದೆ, ಹಿಂದಿನದನ್ನಲ್ಲ. ಟ್ರಸ್ಟಿನಲ್ಲಿ ಸಾಮಾನ್ಯವಾಗಿ ರಾಜೀನಾಮೆ ಪತ್ರವೂ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಬೇಕಾಗುತ್ತದೆ, ಇಲ್ಲದಿದ್ದರೆ ದಾಖಲೆಯ ಮಟ್ಟಿಗೆ ನೀವಿನ್ನೂ ಟ್ರಸ್ಟಿಯೇ. ನಿರ್ದೇಶಕರ ಹೊಣೆಯ ಪಾಲಿಸಿಗಳು ಸಾಮಾನ್ಯವಾಗಿ ತಪ್ಪು ನಡೆದಾಗ ಇದ್ದ ಪಾಲಿಸಿಯಲ್ಲ, ದೂರು ಬಂದಾಗ ಜಾರಿಯಲ್ಲಿರುವ ಪಾಲಿಸಿ ಕೆಲಸಕ್ಕೆ ಬರುವ ಬಗೆಯವು. ಆದ್ದರಿಂದ ಹೊರಡುವ ಮೊದಲು ಪಾಲಿಸಿಯಲ್ಲಿ ‘ಮಾಜಿ ಟ್ರಸ್ಟಿಗಳು’ ಸೇರಿದ್ದಾರೆಯೇ ಎಂದು ಮ್ಯಾನೇಜರ್ ಬಳಿ ಬರವಣಿಗೆಯಲ್ಲಿ ಕೇಳಿ, ನಿಮ್ಮ ಅವಧಿಯ ನಡಾವಳಿಗಳ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.